ಚಿಂದಿ ಅನ್ನೋದು ಬಿಡೋಣ, ಆಯುವವರು ಅನ್ನೋಣ

ಹಳೇ ನಾಣ್ಯ ಕೂಡಿಟ್ಟವರು ನಾಣ್ಯ ಸಂಗ್ರಾಹಕರು. ಸ್ಟಾಂಪ್ ಕೂಡಿಟ್ಟವರು ಅಂಚೆಚೀಟಿ ಸಂಗ್ರಾಹಕರು. ಊರೂರು ತಿರುಗಿ ಹಾಡು ಬರೆದುಕೊಂಡು ಬಂದವರು ಜನಪದ ಗೀತೆಗಳ ಸಂಗ್ರಾಹಕರು. ಬೆಳಗಾಗುವ ಮೊದಲೇ ಚೀಲ ಹೆಗಲಿಗೇರಿಸಿ ಬಾಟಲಿ, ರಟ್ಟು ಕೂಡಿಸುವವರು ಮಾತ್ರ ಚಿಂದಿ ಆಯೋರು. ಯಾಕೆ?

ಹೋದ ವಾರ ನಮ್ಮ ಗೇಟಿನ ಮುಂದೆ ಒಬ್ಬರು ಕೂತಿದ್ದರು. ಎದುರು ಮನೆಯ ಹುಡುಗ "ಅಮ್ಮಾ, ಚಿಂದಿಯವಳು ಬಂದಿದ್ದಾಳೆ" ಅಂತ ಕೂಗಿದ. ಅವರು ತಲೆ ಎತ್ತಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ಬೇರೆ ಕವರಿಗೆ ಹಾಕಿದರು, ಬಾಟಲಿಯನ್ನು ಕಾಲಲ್ಲಿ ಒತ್ತಿ ಚಪ್ಪಟೆ ಮಾಡಿದರು, ಹಾಲಿನ ಕವರ್‌ಗಳದ್ದೇ ಒಂದು ಗಂಟು, ರಟ್ಟು ಒದ್ದೆ ಇದೆಯಾ ಅಂತ ಮುಟ್ಟಿ ನೋಡಿ ಎರಡನ್ನು ಅಲ್ಲೇ ಬಿಟ್ಟರು. ಕೇಳಿದ್ದಕ್ಕೆ "ಎಲ್ಲಾ ಒಟ್ಟಿಗೆ ಹಾಕಿದ್ರೆ ಗುಜರಿ ಅಂಗಡೀಲಿ ರೇಟ್ ಕಮ್ಮಿ ಅಕ್ಕಾ" ಅಂದರು. ಆ ಚೀಲದಲ್ಲಿ ಒಂದು ಚೂರು ಚಿಂದಿ ಬಟ್ಟೆಯೂ ಇರಲಿಲ್ಲ.

ಆಯುವುದು ಎಷ್ಟು ಒಳ್ಳೆಯ ಮಾತು ನೋಡಿ. ಅಕ್ಕಿಯಲ್ಲಿ ಕಲ್ಲು ಆಯುತ್ತೇವೆ, ಪುಸ್ತಕಕ್ಕೆ 'ಆಯ್ದ ಕವಿತೆಗಳು' ಅಂತ ಹೆಸರಿಡುತ್ತೇವೆ, ಆಯ್ಕೆ ಅನ್ನೋದೂ ಅದರಿಂದಲೇ ಬಂದಿದ್ದು. ಕಸದ ಆಟೋದವರು ಕೊಟ್ಟಿದ್ದನ್ನೆಲ್ಲಾ ತುಂಬಿಕೊಂಡು ಹೋಗುತ್ತಾರೆ, ಅದು ಸಂಗ್ರಹ. ಇವರು ನೋಡಿ, ಮುಟ್ಟಿ, ಬೇಕಾದ್ದನ್ನಷ್ಟೇ ತೆಗೆಯುತ್ತಾರೆ. ಕಣ್ಣಿಗೂ ಕೈಗೂ ಪಳಗಿದ ಕೆಲಸ ಅದು.

12ನೇ ಶತಮಾನದಲ್ಲೇ ನಮ್ಮಲ್ಲಿ ಒಬ್ಬರು ಇದ್ದರು, ಅಲ್ವಾ? ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಮಾರಯ್ಯ. ಆ ಕೆಲಸವೇ ಅವರ ಹೆಸರಾಯಿತು, ಆಯ್ದಕ್ಕಿ ಮಾರಯ್ಯ. ಒಂದು ದಿನ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ವಾಪಸ್ ಸುರಿದು ಬನ್ನಿ ಅಂದರು. ನೆಲದಿಂದ ಆಯುವವರನ್ನು ಶರಣರು ಅಂತ ಕೈಮುಗಿದ ನಾಡು ಇದು. ಇಲ್ಲೇ ಆ ಮಾತು ಬೈಗುಳವಾಗಿದ್ದು ನನಗೆ ನಿಜಕ್ಕೂ ನೋವಿನ ವಿಷಯ.

ಬೇರೆ ಕಡೆಯೂ ಈ ಚರ್ಚೆ ಆಗಿದೆ. 2008ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಹಲವು ದೇಶಗಳ ಇಂಥ ಕೆಲಸಗಾರರು ಸೇರಿ, ತಮ್ಮನ್ನು ಇಂಗ್ಲಿಷಿನಲ್ಲಿ 'ವೇಸ್ಟ್ ಪಿಕರ್', ಅಂದರೆ ಕಸ ಆಯುವವರು, ಅನ್ನಬೇಕು ಅಂತ ಒಪ್ಪಿಕೊಂಡರು. ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮಗಳಲ್ಲೂ ಅದೇ ಹೆಸರಿತ್ತು.

ಕನ್ನಡಕ್ಕೆ 'ತ್ಯಾಜ್ಯ ಸಂಗ್ರಾಹಕರು' ಅಂತ ಕೆಲವರು ಬರೆಯುತ್ತಾರೆ. ಗೌರವ ಇದೆ, ಒಪ್ಪುತ್ತೇನೆ. ಆದರೆ ಅದು ಕಚೇರಿ ನೋಟಿಸಿನ ಮಾತು, ಬೀದಿಯಲ್ಲಿ ಯಾರ ಬಾಯಿಗೂ ಬರಲ್ಲ. ಸುಮ್ನೆ 'ಆಯುವವರು' ಸಾಕು. ಎದುರಿಗೆ ಸಿಕ್ಕಾಗ ಅಕ್ಕ, ಅಣ್ಣ.

ಎದುರು ಮನೆ ಹುಡುಗನಿಗೆ ಮಾರಯ್ಯನ ಕತೆ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ "ಆಂಟಿ, ಆ ಅಕ್ಕ ಮುಚ್ಚಳ ಯಾಕೆ ಬೇರೆ ಇಡ್ತಾರೆ?" ಅಂದ. ನಾಳೆ ಬಂದಾಗ ನೀನೇ ಕೇಳು ಅಂದಿದ್ದೀನಿ.