ರಾತ್ರಿ ಎರಡು ಪೆಗ್, ಬೆಳಿಗ್ಗೆ ಶುಗರ್ ನಾರ್ಮಲ್: ಈ ಸಂದೇಶಕ್ಕೊಂದು ಸ್ಪಷ್ಟನೆ
‘ಟೆಸ್ಟಿನ ಹಿಂದಿನ ರಾತ್ರಿ ಎರಡು ಪೆಗ್ ಹಾಕಿದರೆ ಶುಗರ್ ಹತೋಟಿಗೆ ಬರುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ತಪ್ಪು. ಮದ್ಯವನ್ನು ಕರಗಿಸುವ ಕೆಲಸಕ್ಕೆ ಬಿದ್ದ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ; ಫಾಸ್ಟಿಂಗ್ (ಖಾಲಿ ಹೊಟ್ಟೆಯ) ಅಂಕಿ ಇಳಿಯುವುದು ಅದಕ್ಕೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ತೆಗೆದುಕೊಳ್ಳುವವರಿಗೆ ಅದು 70 mg/dLಗಿಂತ ಕೆಳಗೂ, ಅಂದರೆ ಅಪಾಯದ ಮಟ್ಟಕ್ಕೂ ಜಾರಬಹುದು. 2–3 ತಿಂಗಳ ಶುಗರ್ ಸರಾಸರಿ ಹೇಳುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಒಂದು ರಾತ್ರಿಗೆ ಜಗ್ಗುವುದಿಲ್ಲ.

ಮನೆಯಲ್ಲಿ ಶುಗರ್ ನೋಡುವ ಮೀಟರನ್ನೇ ಏಮಾರಿಸುವ ಸಂಗತಿಗಳು ಬೇರೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಲವು ಮೀಟರ್‌, ಚರ್ಮಕ್ಕೆ ಅಂಟಿಸುವ ಸೆನ್ಸರ್‌ಗಳಲ್ಲಿ ಸುಳ್ಳು ಏರಿಕೆ ತೋರಿಸುತ್ತದೆ. ಕೆಲವು ಸೆನ್ಸರ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ. ಸ್ಟ್ರಿಪ್ ಡಬ್ಬಿಯ ಚೀಟಿ ಓದಿ. ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್‌ನ ಏರಿಕೆ ಮಾತ್ರ ನಿಜವಾದದ್ದು: ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದ ಮೇಲೆ ಏರುತ್ತದೆ, ಫಾಸ್ಟಿಂಗ್‌ನಲ್ಲಿ ಸಿಗದೇ ಹೋಗಬಹುದು. ಇನ್ನು ಬೆರಳಿಗೆ ಒರೆಸಿದ ಸ್ಪಿರಿಟ್ ಪೂರ್ತಿ ಆರದೆ ಚುಚ್ಚಿದರೆ ಹನಿ ತೆಳುವಾಗಿ ಅಂಕಿ ಕೆಡುತ್ತದೆ. ಸೋಪು, ನೀರು, ಒಣ ಬಟ್ಟೆ ಸಾಕು.