ಚರ್ಚಿಲ್ ಅವರನ್ನು ಉಳಿಸಿದ್ದು ಪೆನಿಸಿಲಿನ್ ಅಲ್ಲ

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಗುರುತಿಸಿದ ದಿನವೆಂದು ಸೆಪ್ಟೆಂಬರ್ 28 ಅನ್ನು ಸ್ಮರಿಸುತ್ತಾರೆ. ಈ ಸಂಶೋಧನೆಯ ಹೆಸರಿನಲ್ಲಿ ಹರಿದಾಡುವ ಸಂದೇಶವೊಂದರ ಪ್ರಕಾರ, ಕೆಸರಿನಲ್ಲಿ ಹೂತುಹೋಗುತ್ತಿದ್ದ ಬಾಲಕ ಚರ್ಚಿಲ್‌ನನ್ನು ಫ್ಲೆಮಿಂಗ್ ಅವರ ರೈತ ತಂದೆ ರಕ್ಷಿಸಿದರು, ಕೃತಜ್ಞತೆಯಿಂದ ಚರ್ಚಿಲ್ ಕುಟುಂಬ ಫ್ಲೆಮಿಂಗ್ ಅವರನ್ನು ಓದಿಸಿತು, ಮುಂದೆ ನ್ಯುಮೋನಿಯಾ ಬಂದಾಗ ಪೆನಿಸಿಲಿನ್ನೇ ಚರ್ಚಿಲ್ ಅವರನ್ನು ಉಳಿಸಿತು.

ಇದು ಕಟ್ಟುಕತೆ. ಫ್ಲೆಮಿಂಗ್ ಏಳು ವರ್ಷದವರಿದ್ದಾಗಲೇ ತಂದೆ ತೀರಿಕೊಂಡಿದ್ದರು. ಹಡಗು ಸಾಗಣೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ವೈದ್ಯಕೀಯ ಓದಿಗೆ ಸೇರಲು ನೆರವಾದದ್ದು ಸಂಬಂಧಿಯೊಬ್ಬರು ಬಿಟ್ಟುಹೋದ ಹಣ. 1943ರ ಡಿಸೆಂಬರಿನಲ್ಲಿ ಟ್ಯುನೀಷಿಯಾದಲ್ಲಿ ಚರ್ಚಿಲ್ ಅವರಿಗೆ ನ್ಯುಮೋನಿಯಾ ತಗುಲಿದಾಗ ವೈದ್ಯರು ಕೊಟ್ಟದ್ದು ಸಲ್ಫಾ ವರ್ಗದ ಸಲ್ಫಾಪಿರಿಡಿನ್ ಎಂಬ ಔಷಧ. ಸ್ವತಃ ಫ್ಲೆಮಿಂಗ್ ಅವರೇ ಈ ಕತೆಯನ್ನು ನಿರಾಕರಿಸಿದ್ದರು. ಇನ್ನೂ ಬೇಸರದ ಸಂಗತಿಯೆಂದರೆ, ಪೆನಿಸಿಲಿನ್ ಅನ್ನು ಬಳಸಬಹುದಾದ ಔಷಧವಾಗಿಸಿ 1945ರ ನೊಬೆಲ್ ಪ್ರಶಸ್ತಿಯನ್ನು ಫ್ಲೆಮಿಂಗ್ ಜೊತೆ ಹಂಚಿಕೊಂಡ ಹೋವರ್ಡ್ ಫ್ಲೋರಿ ಮತ್ತು ಅರ್ನ್ಸ್ಟ್ ಚೇನ್ ಅವರ ದುಡಿಮೆಗೆ ಇಂಥ ಕತೆಯಲ್ಲಿ ಜಾಗವೇ ಇಲ್ಲ.