ಅಲೋಸಾರಸ್: ಬೇಟೆಗಾರನೋ, ಹೆಣಬಾಕನೋ?

ಪರ: ಬೇಟೆಗಾರನೇ

ಮಧುಗಿರಿ ಕಡೆ ಕುರಿ ಸಾಕಿದವರಿಗೆ ಚಿರತೆ ಹೊಸದಲ್ಲ. ಹೋದ ವರ್ಷ ನಮ್ಮ ರೊಪ್ಪಕ್ಕೂ ನುಗ್ಗಿತ್ತು. ಬೆಳಿಗ್ಗೆ ನೋಡಿದರೆ ಟಗರಿನ ಕುತ್ತಿಗೆಯಲ್ಲಿ ಹಲ್ಲಿನ ತೂತು, ಬೇಲಿ ಮುಳ್ಳಿನಲ್ಲಿ ನಾಲ್ಕು ಹಳದಿ ಕೂದಲು. ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ರಾತ್ರಿ ಏನಾಯಿತು ಅಂತ ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಹೇಳಿಬಿಟ್ಟರು.

ಪಳೆಯುಳಿಕೆ ಓದುವವರು ಮಾಡುವುದೂ ಇದನ್ನೇ. ಅಲೋಸಾರಸ್ ಅನ್ನುವ ಮಾಂಸ ತಿನ್ನುವ ಡೈನೋಸಾರ್‌ನ ಮೂಳೆಗಳನ್ನೇ ನೋಡಿ. (ನಮ್ಮ ಮಧುಗಿರಿ ಬೆಟ್ಟ ಅಗೆದರೆ ಇಂಥ ಮೂಳೆ ಸಿಗುವುದಿಲ್ಲ, ಬಿಡಿ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಅಲೋಸಾರಸ್ ಬರೀ 15 ಕೋಟಿ ವರ್ಷದ ಹಿಂದಿನದು, ಸಿಕ್ಕಿರುವುದು ಹೆಚ್ಚಾಗಿ ಅಮೆರಿಕದ ಪಶ್ಚಿಮ ಭಾಗದಲ್ಲಿ.) ಒಂದು ಅಲೋಸಾರಸ್‌ನ ಬಾಲದ ಮೂಳೆಯಲ್ಲಿ ತೂತಿದೆ. ಸ್ಟೆಗೋಸಾರಸ್ ಅನ್ನುವ ಸೊಪ್ಪು ತಿನ್ನುವ ಡೈನೋಸಾರ್‌ನ ಬಾಲದ ಮುಳ್ಳು ಅದಕ್ಕೆ ಸರಿಯಾಗಿ ಕೂರುತ್ತದೆ. ಗಾಯ ಮಾಯಲು ಶುರುವಾಗಿತ್ತು, ಅಂದರೆ ಏಟು ತಿಂದ ಮೇಲೂ ಪ್ರಾಣಿ ಬದುಕಿತ್ತು. ಕೆನೆತ್ ಕಾರ್ಪೆಂಟರ್ ಮತ್ತು ಜೊತೆಗಾರರು 2005ರಲ್ಲಿ ಇದನ್ನು ವಿವರಿಸಿದರು. ಸತ್ತ ಸ್ಟೆಗೋಸಾರಸ್ ಬಾಲ ಬೀಸುತ್ತದಾ?

1991ರಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕ ‘ಬಿಗ್ ಆಲ್’ ಅನ್ನುವ ಅಲೋಸಾರಸ್ ನೋಡಿ. ಇನ್ನೂ ಪೂರ್ತಿ ಬೆಳೆದಿರಲಿಲ್ಲ, ಅಷ್ಟರಲ್ಲೇ 19 ಮೂಳೆಗಳಲ್ಲಿ ಪೆಟ್ಟು, ಸೋಂಕು. ಎಮಿಲಿ ರೇಫೀಲ್ಡ್ ತಂಡ 2001ರಲ್ಲಿ ಅದರ ಬುರುಡೆಯನ್ನು ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿತು. ಕಚ್ಚುವ ಬಲ ಅಷ್ಟಕ್ಕಷ್ಟೇ, ಬುರುಡೆ ಮಾತ್ರ ಭಾರಿ ಗಟ್ಟಿ. ಮೇಲಿನ ದವಡೆಯನ್ನು ಮಚ್ಚಿನ ಹಾಗೆ ಬೀಸುತ್ತಿತ್ತು ಅಂತ ಅವರ ಊಹೆ. ಹೆಣದ ಮೇಲೆ ಮಚ್ಚು ಬೀಸುವ ದರ್ದು ಯಾರಿಗಿದೆ?

ವಿರೋಧ: ಹೆಣವೇ ಹೆಚ್ಚು

ಮೇಲೆ ‘ಪರ’ ಬರೆದ ನಮ್ಮಣ್ಣನಿಗೆ ಒಂದು ತೂತು ಸಿಕ್ಕರೆ ಕೇಸು ಮುಗೀತು! ಜಗಳ ಆಗಿತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಒಂದು ದಿನದ ಜಗಳ ಬೇರೆ, ದಿನದ ಊಟ ಬೇರೆ ಅಲ್ವಾ? ಬಿಗ್ ಆಲ್‌ನ ಪೆಟ್ಟುಗಳೂ ಅಷ್ಟೇ. ಬಿದ್ದರೂ ಮೂಳೆ ಮುರಿಯುತ್ತದೆ, ತನ್ನವರ ಜೊತೆ ಕಿತ್ತಾಡಿದರೂ ಮುರಿಯುತ್ತದೆ.

ಊರಲ್ಲಿ ಎಮ್ಮೆ ಸತ್ತು ಹಳ್ಳದ ಕಡೆ ಎಳೆದು ಹಾಕಿದರೆ ನಾಯಿಗಳು ಮೂರು ದಿನ ಮನೆ ಕಡೆ ತಲೆ ಹಾಕುವುದಿಲ್ಲ. ಮುದ್ದೆ ಹಾಕಿ ಕರೆದರೂ ಬರುವುದಿಲ್ಲ. ಅದು ಒಂದು ಎಮ್ಮೆ. ಅಲೋಸಾರಸ್ ಕಾಲದಲ್ಲಿ ಸತ್ತು ಬೀಳುತ್ತಿದ್ದದ್ದು ಬ್ರಾಕಿಯೋಸಾರಸ್‌ನಂಥ ಉದ್ದ ಕುತ್ತಿಗೆಯ ಡೈನೋಸಾರ್‌ಗಳು, ಒಂದೊಂದೂ ಐದಾರು ಆನೆಗಳಿಗೂ ಮಿಕ್ಕ ತೂಕ. ಕ್ಯಾಮರೂನ್ ಪಾಲ್ ಮತ್ತು ಲೂಯಿಸ್ ರುಯೆಡಾಸ್ 2021ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಂಥ ಹೆಣಗಳು ಸಿಗುತ್ತಿದ್ದರೆ ಹುಡುಕಿಕೊಂಡು ಓಡಾಡುವುದೇ ಲಾಭ, ಬೇಟೆಗೆ ಇಳಿಯುವುದು ನಷ್ಟ ಅಂತ ಬಂತು. ಲೆಕ್ಕ ಲೆಕ್ಕವೇ, ಕಣ್ಣಾರೆ ಕಂಡದ್ದಲ್ಲ ಅನ್ನಬಹುದು. ಸರಿ, ಮೂಳೆಯನ್ನೇ ಕೇಳೋಣ.

ಕೊಲೊರಾಡೊದ ಮಿಗಟ್–ಮೂರ್ ಪಳೆಯುಳಿಕೆ ಗಣಿಯ 2,368 ಮೂಳೆಗಳನ್ನು ಸ್ಟೆಫನಿ ಡ್ರಮ್‌ಹೆಲ್ಲರ್ ತಂಡ ಒಂದೊಂದಾಗಿ ನೋಡಿ 2020ರಲ್ಲಿ ವರದಿ ಮಾಡಿತು. ನೂರಕ್ಕೆ ಸುಮಾರು 29ರಲ್ಲಿ ಹಲ್ಲಿನ ಗುರುತು. ಅಲೋಸಾರಸ್‌ನ ಮೂಳೆಗಳನ್ನೂ ಬಿಟ್ಟಿಲ್ಲ, ಬಹುಶಃ ಇನ್ನೊಂದು ಅಲೋಸಾರಸ್ಸೇ ಕಡಿದಿರಬೇಕು. ಅದರಲ್ಲೂ ಕಾಲ್ಬೆರಳಿನಂಥ ಮಾಂಸವೇ ಇಲ್ಲದ ಜಾಗಗಳಲ್ಲಿ ಗುರುತು. ಬೇಟೆ ಕೆಡವಿದವನು ತೊಡೆಗೆ ಬಾಯಿ ಹಾಕುತ್ತಾನೆ. ಕಾಲ್ಬೆರಳು ಕಡಿಯುವುದು ಪಂಕ್ತಿ ಮುಗಿದ ಮೇಲೆ ಬಂದವನು.

ಅಂದ ಹಾಗೆ, ಟಗರು ಹೊಡೆದ ಆ ಚಿರತೆ. ಅದಾದ ಮೇಲೆ ಹದಿನೈದು ದಿನ ಅದು ರೊಪ್ಪದ ಹತ್ತಿರವೂ ಸುಳಿಯಲಿಲ್ಲ. ಕೆರೆ ಹಿಂದೆ ಕೋಳಿ ಫಾರಮ್ಮಿನವರು ಸತ್ತ ಕೋಳಿ ಎಸೆಯುವ ಗುಂಡಿಯಲ್ಲೇ ಠಿಕಾಣಿ ಹೂಡಿತ್ತು. ಅದನ್ನು ಅಣ್ಣ ಬರೆದೇ ಇಲ್ಲ.